ಮನೆ ಯಾರ ಹೆಸರಿನಲ್ಲಿ?



ರಾಜ್ಯೋತ್ಸವದ ಮಂಗಳ ಸಮಯದಲ್ಲಿ ವಿವಾಹ ವಿಚ್ಛೇದನದ ಮಾತೇಕೆಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಏನು ಮಾಡೋಣ, ನಾವು ಬ್ಯಾಂಕಿನ ಗುಮಾಸ್ತರು. ಹಬ್ಬದ ಮರುದಿನವೂ ನಮ್ಮ ಕಿಟಕಿಯ ಮುಂದೆ ಸಂಸಾರದ ಲೆಕ್ಕ ಬಂದು ನಿಲ್ಲುತ್ತದೆ. ಕಳೆದ ವರ್ಷ ಹಾಗೆ ಬಂದವರಲ್ಲಿ ನಮ್ಮ ನಾಡಿನ ಹೆಣ್ಣುಮಗಳೊಬ್ಬರಿದ್ದರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಬೇಡ. ಇದೇ ವಿಮಾನ ನಗರದಲ್ಲಿ 9 ವರ್ಷ ಸಂಸಾರ ಮಾಡಿದವರು. ಇಬ್ಬರಿಗೂ ಉದ್ಯೋಗ. ಗಂಡನ ಸಂಬಳ ಮನೆಸಾಲದ ಕಂತಿಗೆ. ಹೆಂಡತಿಯ ಸಂಬಳ ದಿನಸಿಗೆ, ಮಗುವಿನ ಶಾಲೆಗೆ, ಅತ್ತೆಯ ಔಷಧಕ್ಕೆ. ಮನೆ ಗಂಡನ ಹೆಸರಿನಲ್ಲಿ. ಈಗ ವ್ಯಾಜ್ಯ ಶಿವಾಜಿನಗರದ ಕುಟುಂಬ ನ್ಯಾಯಾಲಯದಲ್ಲಿದೆ.

“ಅರ್ಧ ಮನೆ ನನ್ನದಲ್ಲವೇ?” ಎಂದು ಆಕೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಬಿ.ಕಾಂ. ಓದಿದವರೇ ಹೊರತು ವಕೀಲರಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

ವಿಚ್ಛೇದನವಾದರೆ ಆಸ್ತಿ ಸರಿಪಾಲೆಂಬ ನಂಬಿಕೆ, ಬಹುಶಃ ಸಿನಿಮಾದಿಂದ, ನಮ್ಮಲ್ಲಿ ಬಲವಾಗಿದೆ. ನೆರೆಯ ಗೋವೆಯಲ್ಲಿ, ಪೋರ್ಚುಗೀಸರ ಕಾಲದ ಕಾಯಿದೆಯಂತೆ, ಬೇರೆ ಕರಾರಿಲ್ಲದಿದ್ದರೆ ಹಾಗುಂಟು. ನಮಗಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 27ನೆಯ ಕಲಮು ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಮಾತನ್ನಷ್ಟೇ ಆಡುತ್ತದೆ, 25ನೆಯದು ಜೀವನಾಂಶದ್ದು. ಹೆಂಡತಿಗೆ ಸ್ಥಿರಾಸ್ತಿಯಲ್ಲಿ ಪಾಲು ಕೊಡಿಸುವ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯನ್ನು ದಾಟಿತು. 2014ರಲ್ಲಿ ಲೋಕಸಭೆ ವಿಸರ್ಜನೆಯಾಗಲು ಅದೂ ಬಿದ್ದುಹೋಯಿತು.

ಸ್ತ್ರೀಧನದ ವಿಷಯ ಹಾಗಲ್ಲ. ನಮ್ಮ ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆಯಲ್ಲಿ ಸ್ತ್ರೀಧನವೆಂದರೇನೆಂದು ಬರೆದಿಟ್ಟಿತ್ತೆಂಬುದು ನಮಗೆ ಹೆಮ್ಮೆ. ಅದು ಗಂಡನ ಕೈಯಲ್ಲಿದ್ದರೂ ಹೆಂಡತಿಯದೇ ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಹೇಳಿತು. ಕೇರಳದ ಒಂದು ವ್ಯಾಜ್ಯದಲ್ಲಿ ತವರಿನವರು ಕೊಟ್ಟ 89 ಪವನು ಬಂಗಾರವನ್ನು ಗಂಡ ಜೋಪಾನಕ್ಕೆಂದು ಪಡೆದು ತಾಯಿಯ ಕೈಗಿತ್ತಿದ್ದನಂತೆ. ಸ್ತ್ರೀಧನ ದಂಪತಿಗಳ ಜಂಟಿ ಆಸ್ತಿಯಲ್ಲವೆಂದು ಹೇಳಿ ಅದೇ ನ್ಯಾಯಾಲಯ 2024ರಲ್ಲಿ 25 ಲಕ್ಷ ರೂಪಾಯಿ ಕೊಡಿಸಿತು. ಬಂಗಾರದ ರಸೀತಿಯನ್ನು ಡಬ್ಬಿಯೊಡನೆ ಎಸೆಯುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು!

ಮನೆಯಲ್ಲೇ ದುಡಿದವಳ ಶ್ರಮಕ್ಕೂ ಬೆಲೆಯುಂಟು, ಆಸ್ತಿಯಲ್ಲಿ ಸಮಪಾಲುಂಟು ಎಂದು ಮದರಾಸಿನ ಉಚ್ಚ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿದೆ. ಅದು ವಿಚ್ಛೇದನದ ವ್ಯಾಜ್ಯವಲ್ಲ, ಆದರೂ ನಮಗೆ ನ್ಯಾಯವೆನಿಸಿತು.

ನಮ್ಮ ಕಸುಬಿನದೊಂದು ಮಾತು. ಇಬ್ಬರೂ ಸಹಿ ಹಾಕಿದ ಸಾಲ ತೀರುವವರೆಗೆ, ಅಥವಾ ಬ್ಯಾಂಕು ಒಪ್ಪಿ ಒಬ್ಬರನ್ನು ಬಿಡುವವರೆಗೆ, ವಿಚ್ಛೇದನವಾದರೂ ಇಬ್ಬರ ತಲೆಯ ಮೇಲೂ ಪೂರ್ತಿಯಾಗಿ ಇರುತ್ತದೆ. ಹಾಗೆಂದು ಹೆಸರು ಸೇರಿಸಲು ಹಿಂಜರಿಯಬೇಡಿರಿ. ಕ್ರಯಪತ್ರದಲ್ಲಿ ಇಬ್ಬರ ಹೆಸರಿರಲಿ. ಕಂತಿನಲ್ಲಿ ಸ್ವಲ್ಪವಾದರೂ ಆಕೆಯ ಖಾತೆಯಿಂದ ಹೋಗಲಿ. ಗಂಡಂದಿರು ಇದನ್ನು ಅಪನಂಬಿಕೆಯೆಂದು ತಿಳಿಯಬಾರದು.

ಆ ಹೆಣ್ಣುಮಗಳಿಗೆ ನಾವು 9 ವರ್ಷದ ಲೆಕ್ಕಪಟ್ಟಿ ತೆಗೆದುಕೊಟ್ಟೆವು. ಪುಟಪುಟವೂ ದಿನಸಿ, ಶಾಲೆಯ ಶುಲ್ಕ, ಔಷಧದಂಗಡಿ. ಮೊದಲ ವರ್ಷದ ಒಂದೇ ಸಾಲಿನಲ್ಲಿ, ಮನೆ ಕಟ್ಟಿದವರ ಹೆಸರಿಗೆ 3 ಲಕ್ಷ ಹೋಗಿತ್ತು. ಆಕೆ ಅದನ್ನು ಮರೆತೇಬಿಟ್ಟಿದ್ದರು. ಆ ಸಾಲಿನ ಕೆಳಗೆ ಸೀಸದಕಡ್ಡಿಯಿಂದ ಗೆರೆಯೆಳೆದು, ವಕೀಲರಿಗೆ ತೋರಿಸಿರೆಂದು ಕೊಟ್ಟು ಕಳುಹಿಸಿದೆವು. ವ್ಯಾಜ್ಯ ಇನ್ನೂ ನಡೆದಿದೆ.