ಮೊದಲ ವೆಬ್‌ಸೈಟ್‌ಗೆ ಹೋಸ್ಟಿಂಗ್ ಆರಿಸೋದು ಹೇಗೆ? ನಾನು ಮಾಡಿದ ತಪ್ಪು ನೀವು ಮಾಡಬೇಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕಳೆದ ಸಲ ವೆಬ್‌ಸೈಟ್ ಮಾಡೋದು ಕಷ್ಟ ಅಲ್ಲ ಅಂದಿದ್ದೆ. ಅದಕ್ಕೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಸರಿ, ಎಲ್ಲಿ ಇಡೋದು?" ಇವತ್ತು ಅದರದ್ದೇ ಮಾತು.

ಮೊದಲು ನನ್ನ ಎಡವಟ್ಟಿನ ಕಥೆ ಹೇಳ್ತೀನಿ. ನನ್ನ ಚಿಕ್ಕಮ್ಮ ಶಿರಸಿ ಕಡೆಯವರು. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರ್ತಾರೆ. ಅವರಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಚಿಕ್ಕಮ್ಮ ಖುಷಿಯಿಂದ ಉಪ್ಪಿನಕಾಯಿ ಬಾಟಲಿಗೆ ಹೊಸ ಲೇಬಲ್ ಮಾಡಿಸಿ, ಅದರ ಮೇಲೆ ಸೈಟಿನ ವಿಳಾಸ ಅಚ್ಚು ಹಾಕಿಸಿದರು. ಒಂದಲ್ಲ ಎರಡಲ್ಲ, ಎರಡು ಸಾವಿರ ಲೇಬಲ್.

ಮರುವರ್ಷ ಒಂದು ದಿನ ಫೋನ್ ಬಂತು. "ಎಂತದಾ ತಮಾ ಇದು? ನಮ್ಮ ಹೆಸರಲ್ಲಿ ಜೂಜಿನವು ಬಂದು ಕೂತಿದ್ವಲಾ!" ತೆಗೆದು ನೋಡಿದ್ರೆ ಹಪ್ಪಳದ ಫೋಟೋ ಇರಬೇಕಾದ ಜಾಗದಲ್ಲಿ ಆನ್‌ಲೈನ್ ಜೂಜಿನ ಜಾಹೀರಾತು. ಆಗಿದ್ದು ಇಷ್ಟೇ: ಡೊಮೇನ್ ಅವಧಿ ಮುಗಿದಿತ್ತು. ಆಟೋ ರಿನ್ಯೂವಲ್‌ಗೆ ಕೊಟ್ಟಿದ್ದ ನನ್ನ ಕಾರ್ಡ್‌ನ ಅವಧಿಯೂ ಮುಗಿದಿತ್ತು. ಎಚ್ಚರಿಕೆಯ ಮೇಲ್‌ಗಳೆಲ್ಲ ನಾನು ತೆರೆಯೋದೇ ಬಿಟ್ಟಿದ್ದ ಕಾಲೇಜಿನ ಇಮೇಲ್‌ಗೆ ಹೋಗಿ ಬಿದ್ದಿದ್ದವು. ಖಾಲಿಯಾದ ಹೆಸರನ್ನು ಬೇರೆ ಯಾರೋ ಕೊಂಡಿದ್ದರು. ಚಿಕ್ಕಮ್ಮ ವಾರಗಟ್ಟಲೆ ಕೂತು ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿದರು. ಅದಕ್ಕೇ ಈ ಸಂಚಿಕೆ.

ಈಗ ವಿಷಯಕ್ಕೆ ಬರೋಣ. ಡೊಮೇನ್ ಬೇರೆ, ಹೋಸ್ಟಿಂಗ್ ಬೇರೆ. ಡೊಮೇನ್ ಅಂದ್ರೆ ಅಂಗಡಿ ಬೋರ್ಡ್ ಮೇಲಿನ ಹೆಸರು. ಹೋಸ್ಟಿಂಗ್ ಅಂದ್ರೆ ಸಾಮಾನು ಇಡೋ ಮಳಿಗೆ. ಮಳಿಗೆ ಚೆನ್ನಾಗಿಲ್ಲ ಅಂದ್ರೆ ಪಕ್ಕದ ಬೀದಿಗೆ ಹೋಗಬಹುದು, ಬೋರ್ಡ್ ನಿಮ್ಮದೇ ಆಗಿದ್ರೆ ಗಿರಾಕಿ ಹುಡುಕಿಕೊಂಡು ಬರ್ತಾರೆ. ಹಾಗಾಗಿ "ಹೋಸ್ಟಿಂಗ್ ಜೊತೆ ಡೊಮೇನ್ ಉಚಿತ" ಅನ್ನೋ ಆಫರ್ ನೋಡಿದಾಗ ಎರಡು ವಿಷಯ ವಿಚಾರಿಸಿ. ಆ ಹೆಸರು ಯಾರ ಹೆಸರಲ್ಲಿ ನೋಂದಣಿ ಆಗುತ್ತೆ? ಎರಡನೇ ವರ್ಷ ಅದಕ್ಕೆ ಎಷ್ಟು ಕೊಡಬೇಕು? ಬೇರೆಯವರಿಗೆ ಸೈಟ್ ಮಾಡಿಕೊಡೋರು ಇದ್ರೆ, ಡೊಮೇನನ್ನು ಅವರದೇ ಇಮೇಲ್, ಅವರದೇ ಫೋನ್ ನಂಬರಿನಲ್ಲಿ ತಗೊಳ್ಳಿ. ನಾನು ಮಾಡದೇ ಇದ್ದ ಕೆಲಸ ಅದೇ.

ಎರಡನೆಯದು, ನಿಮಗೆ ಬೇಕಿರೋದು ಏನು? ನಿಮ್ಮ ಪರಿಚಯ, ಓದಿದ್ದು, ಮಾಡಿದ ಪ್ರಾಜೆಕ್ಟ್‌ಗಳು, ನಾಲ್ಕು ಫೋಟೋ, ಇಷ್ಟೇನಾ? ಹಾಗಿದ್ರೆ ದುಡ್ಡೇ ಕೊಡಬೇಡಿ. ಗಿಟ್‌ಹಬ್ ಪೇಜಸ್‌ನಲ್ಲಿ 1 ಜಿಬಿವರೆಗಿನ ಸೈಟನ್ನು ಉಚಿತವಾಗಿ ಇಡಬಹುದು, ನಿಮ್ಮ ಸ್ವಂತ ಡೊಮೇನನ್ನೂ ಜೋಡಿಸಬಹುದು. ಆದರೆ ಅಲ್ಲಿ ಆನ್‌ಲೈನ್ ವ್ಯಾಪಾರ ನಡೆಸೋಕೆ ಅವರ ನಿಯಮ ಒಪ್ಪಲ್ಲ. ಚಿಕ್ಕಮ್ಮನ ಅಂಗಡಿಗೆ ಅದು ಆಗೋದಿಲ್ಲ.

ವಾರಕ್ಕೊಂದು ಲೇಖನ ಬರೀತೀನಿ, ಮೊಬೈಲಿಂದಲೇ ಹಾಕ್ತೀನಿ ಅನ್ನೋರಿಗೆ ವರ್ಡ್‌ಪ್ರೆಸ್ ಮತ್ತು ಶೇರ್ಡ್ ಹೋಸ್ಟಿಂಗ್ ಸಾಕು. ಶೇರ್ಡ್ ಅಂದ್ರೆ ಪಿಜಿ ಇದ್ದ ಹಾಗೆ. ಒಂದೇ ಸರ್ವರ್‌ನಲ್ಲಿ ನೂರಾರು ಸೈಟ್ ಇರುತ್ವೆ, ಬಾಡಿಗೆ ಕಡಿಮೆ. ಪಕ್ಕದ ರೂಮಿನವರು ನೀರೆಲ್ಲ ಖಾಲಿ ಮಾಡಿದ್ರೆ ನಿಮಗೂ ತೊಂದರೆ. ವಿಪಿಎಸ್ ಅಂದ್ರೆ ಸ್ವಂತ ಬಾಡಿಗೆ ಮನೆ. ಜಾಗ ನಿಮ್ಮದು, ಆದರೆ ನಲ್ಲಿ ಸೋರಿದ್ರೆ ರಿಪೇರಿಯೂ ನಿಮ್ಮದೇ. ಮೊದಲ ಸೈಟಿಗೆ ಅದು ಬೇಡ.

ಮೂರನೆಯದು ದುಡ್ಡು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ "ತಿಂಗಳಿಗೆ 69 ರೂಪಾಯಿ" ಅಂತ ಇರುತ್ತೆ ಅಂದುಕೊಳ್ಳಿ. ಪಾವತಿ ಪುಟಕ್ಕೆ ಹೋದ್ರೆ ಆ ದರ 48 ತಿಂಗಳಿಗೆ ಒಟ್ಟಿಗೆ ಕಟ್ಟಿದ್ರೆ ಮಾತ್ರ. ಅಂದ್ರೆ 3,312 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 3,908. ಅವಧಿ ಮುಗಿದ ಮೇಲೆ ದರ ಎರಡು ಪಟ್ಟು, ಮೂರು ಪಟ್ಟು ಆಗಬಹುದು. ಅದಕ್ಕೇ ಮೊದಲ ದರ ನೋಡಬೇಡಿ, ರಿನ್ಯೂವಲ್ ದರ ನೋಡಿ. ಮೊದಲ ಸಲ ಒಂದೇ ವರ್ಷಕ್ಕೆ ತಗೊಳ್ಳಿ. "ಅನ್‌ಲಿಮಿಟೆಡ್" ಅನ್ನೋ ಪದ ಕಂಡರೆ ನಿಯಮಗಳ ಪುಟ ತೆರೆಯಿರಿ. ಎಷ್ಟು ಫೈಲ್ ಇಡಬಹುದು, ಸರ್ವರ್‌ನ ಶಕ್ತಿ ಎಷ್ಟು ಬಳಸಬಹುದು ಅನ್ನೋ ಮಿತಿ ಅಲ್ಲಿ ಸಿಗುತ್ತೆ. ಇನ್ನು ಎಸ್‌ಎಸ್‌ಎಲ್, ಅಂದ್ರೆ ವಿಳಾಸವನ್ನು ಎಚ್‌ಟಿಟಿಪಿಎಸ್ ಮಾಡೋ ಪ್ರಮಾಣಪತ್ರ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಲಾಭರಹಿತ ಸೇವೆ ಅದನ್ನು ಉಚಿತವಾಗಿ ಕೊಡುತ್ತೆ. ಸಾಮಾನ್ಯ ಸೈಟಿಗೆ ಅದಕ್ಕಂತ ಬೇರೆ ದುಡ್ಡು ಕೇಳಿದ್ರೆ ಕೊಡಬೇಡಿ.

ಓದುಗರು ಇಲ್ಲಿಯವರೇ ಆದ್ರೆ ಸರ್ವರ್ ಭಾರತದಲ್ಲೇ ಇರಲಿ. ಮುಂಬೈ ಆಯ್ಕೆ ತುಂಬಾ ಕಡೆ ಸಿಗುತ್ತೆ, ಕೆಲವರದು ಬೆಂಗಳೂರಲ್ಲೇ ಇದೆ. ಆದರೆ ಫೋನಲ್ಲಿ ತೆಗೆದ 4 ಎಂಬಿ ಫೋಟೋವನ್ನು ಹಾಗೇ ಏರಿಸಿದ್ರೆ ಯಾವ ಸರ್ವರ್ ಇದ್ದರೂ ಸೈಟ್ ನಿಧಾನವೇ. ಮೊದಲು ಫೋಟೋ ಚಿಕ್ಕದು ಮಾಡಿ.

ಕನ್ನಡದಲ್ಲಿ ಬರೆಯೋರಿಗೆ ಒಂದು ಕಿವಿಮಾತು. ಸೈಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಡೇಟಾಬೇಸ್ ಯುಟಿಎಫ್8ಎಂಬಿ4 ರೂಪದಲ್ಲಿ ಇದೆಯಾ ನೋಡಿ. ತಪ್ಪು ರೂಪದಲ್ಲಿ ಸಾಗಿಸಿದ್ರೆ ನಿಮ್ಮ ಕನ್ನಡವೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡಬಹುದು.

ಕೊನೆಯದು ಬ್ಯಾಕಪ್. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯ್ತು. ಬೇರೆ ಊರಲ್ಲಿ ಪ್ರತಿ ಇಟ್ಟವರು ಮತ್ತೆ ಎದ್ದು ನಿಂತರು, ಇಲ್ಲದವರಲ್ಲಿ ಹಲವರ ಡೇಟಾ ವಾಪಸ್ ಬರಲೇ ಇಲ್ಲ. ಕ್ಲೌಡ್ ಅಂತ ಹೆಸರಿದ್ದರೂ ಅದು ಕೊನೆಗೆ ಎಲ್ಲೋ ಒಂದು ಊರಿನ ಕಟ್ಟಡವೇ. ಹಾಗಾಗಿ ತಿಂಗಳಿಗೊಮ್ಮೆ ಸೈಟಿನ ಪೂರ್ತಿ ಪ್ರತಿ ಇಳಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಈಗಾಗಲೇ ಸೈಟ್ ಇರೋರು ಇವತ್ತು ರಾತ್ರಿ ಮೂರು ಕೆಲಸ ಮಾಡಿ. ಡೊಮೇನ್ ಯಾವ ಇಮೇಲ್‌ನಲ್ಲಿದೆ ನೋಡಿ. ಅದರ ಅವಧಿ ಮುಗಿಯೋ ದಿನವನ್ನು ಫೋನ್ ಕ್ಯಾಲೆಂಡರ್‌ಗೆ ಹಾಕಿ, ಒಂದು ತಿಂಗಳು ಮುಂಚೆಯೇ ನೆನಪಿಸೋ ಹಾಗೆ. ಒಂದು ಬ್ಯಾಕಪ್ ಇಳಿಸಿಕೊಳ್ಳಿ.

ಅಂದ ಹಾಗೆ, ಚಿಕ್ಕಮ್ಮನ ಹೊಸ ಡೊಮೇನ್ ಈಗ ಅವರದೇ ಇಮೇಲ್‌ನಲ್ಲಿದೆ. ರಿನ್ಯೂವಲ್ ದಿನ ನೆನಪಿಟ್ಟುಕೊಳ್ಳೋದು ನಾನಲ್ಲ, ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲೇ ಬರೆದಿಟ್ಟಿದ್ದಾರೆ.