ದೋಣಿ ಎಂಜಿನ್ನಿನ ಜೋಡಣೆ: ಅಂಟು ಮತ್ತು ಪ್ರೈಮರ್



ಗದ್ದೆಗೆ ಇಳಿಯುವ ಮೊದಲು ರೈತನು ನೇಗಿಲಿನ ಗುಳ ನೋಡಿಕೊಳ್ಳುತ್ತಾನೆ. ಹಾಗೆಯೇ ಕಡಲಿಗೆ ಇಳಿಯುವ ಮೊದಲು ನೀವು ಎಂಜಿನ್ ನೋಡಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ದೊಡ್ಡ ಯಾಂತ್ರಿಕ ದೋಣಿಗಳು ನಿಷೇಧದ ಕಾರಣ ದಡದಲ್ಲಿರುತ್ತವೆ. ಅದೇ ನಾಡದೋಣಿಯವರ ದುಡಿಮೆಯ ಕಾಲ. ಕಡಲು ಬಿರುಸಾಗಿರುವುದೂ ಆಗಲೇ. ಅಳಿವೆ ಬಾಯಿ ದಾಟುವಾಗ ಎಂಜಿನ್ ನಿಂತುಹೋದರೆ ತೆರೆಯು ದೋಣಿಯನ್ನು ಅಡ್ಡ ತಿರುಗಿಸಿ ಮಗುಚಿ ಹಾಕುತ್ತದೆ. ಮೀನಿನ ಮಾತು ಹಾಗಿರಲಿ, ಇದು ಜೀವದ ಮಾತು. ಆದುದರಿಂದ ಮೇ ತಿಂಗಳಲ್ಲಿ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಜೋಡಿಸುವಾಗ ಅಂಟು ಮತ್ತು ಪ್ರೈಮರನ್ನು ಹೇಗೆ ಬಳಸಬೇಕೆಂಬುದನ್ನು ಈ ದಿನ ವಿಚಾರ ಮಾಡೋಣ.

ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ನಮ್ಮ ಎಂಜಿನ್ನುಗಳು ಹೆಚ್ಚಾಗಿ ಟೂ ಸ್ಟ್ರೋಕ್ ಜಾತಿಯವು. ಇವುಗಳಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿನೊಳಗೆ ಬಂದು ಅಲ್ಲಿಂದ ಸಿಲಿಂಡರಿಗೆ ಹೋಗುತ್ತದೆ. ಪಿಸ್ಟನ್ ಒಂದು ಕಡೆಗೆ ಸರಿದಾಗ ಕೇಸು ಮಿಶ್ರಣವನ್ನು ಹೀರುತ್ತದೆ, ಹಿಂದಕ್ಕೆ ಬಂದಾಗ ಒತ್ತಿ ಕಳಿಸುತ್ತದೆ. ಕಮ್ಮಾರನ ತಿದಿ ಇದ್ದ ಹಾಗೆ ನೋಡಿ. ತಿದಿಯ ಚರ್ಮದಲ್ಲಿ ತೂತು ಬಿದ್ದರೆ ಕುಲುಮೆ ಉರಿದೀತೇ? ಕೇಸಿನ ಎರಡು ಹೋಳುಗಳ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಹೊರಗಾಳಿ ಒಳಗೆ ನುಗ್ಗುತ್ತದೆ. ಇಂಧನದ ಪಾಲು ಕಡಿಮೆಯಾಗುತ್ತದೆ. ಅದರ ಜೊತೆಗೇ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಕಾವೇರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಮೇಲೆ ಹಗ್ಗ ಎಷ್ಟು ಎಳೆದರೂ ಅಷ್ಟೆ.

ಈ ಎರಡು ಹೋಳುಗಳ ನಡುವೆ ಅನೇಕ ಎಂಜಿನ್ನುಗಳಲ್ಲಿ ಪ್ಯಾಕಿಂಗ್ ಇರುವುದಿಲ್ಲ. ಲೋಹದ ಮೇಲೆ ಲೋಹವೇ ಕೂರುತ್ತದೆ. ಅಲ್ಲಿ ಕಾಗದದ ಪ್ಯಾಕಿಂಗ್ ಕತ್ತರಿಸಿ ಹಾಕಿದರೆ ಬೇರಿಂಗಿನ ಬಿಗಿ ಕೆಟ್ಟುಹೋಗುತ್ತದೆ. ಸಿಲಿಕೋನ್ ಅಂಟನ್ನೂ ಅಲ್ಲಿ ಹಚ್ಚಬಾರದು. ಪೆಟ್ರೋಲು, ಸೀಮೆಎಣ್ಣೆ ತಾಗಿದರೆ ಅದು ಉಬ್ಬಿ, ತುಂಡುತುಂಡಾಗಿ ಕಿತ್ತು ಒಳಗಿನ ದಾರಿಗಳಿಗೆ ಅಡ್ಡವಾಗುತ್ತದೆ. ಅಲ್ಲಿಗೆ ಬೇಕಾದದ್ದು ಅನೆರೋಬಿಕ್ ಎಂಬ ಅಂಟು. ಇದು ಗಾಳಿ ಇರುವಲ್ಲಿ ಹಸಿಯಾಗಿಯೇ ಇರುತ್ತದೆ; ಗಾಳಿಯಾಡದ ಲೋಹದ ಸಂದಿಯಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಈ ಜಾತಿಯ ಅಂಟನ್ನು 1953ರಲ್ಲಿ ಅಮೆರಿಕದ ವರ್ನನ್ ಕ್ರೀಬಲ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ರೂಪಿಸಿದರು. ಗಾಳಿ ತಾಗುತ್ತಿರಲೆಂದೇ ಇದರ ಬಾಟಲಿಯನ್ನು ಪೂರ್ತಿ ತುಂಬಿಸುವುದಿಲ್ಲ. ಅರ್ಧ ಬಾಟಲಿ ಕೊಟ್ಟು ಅಂಗಡಿಯವ ಮೋಸ ಮಾಡಿದನೆಂದು ತಿಳಿಯಬೇಡಿ!

ಇನ್ನು ಪ್ರೈಮರಿನ ವಿಷಯ. ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳಿವೆ. ಒಂದು ಅಂಟಿನ ಪ್ರೈಮರ್, ಇನ್ನೊಂದು ಬಣ್ಣದ ಪ್ರೈಮರ್. ಅಲ್ಯೂಮಿನಿಯಮ್ ಲೋಹದ ಮೇಲೆ ಅನೆರೋಬಿಕ್ ಅಂಟು ನಿಧಾನವಾಗಿ ಗಟ್ಟಿಯಾಗುತ್ತದೆ. ಅದನ್ನು ಚುರುಕುಗೊಳಿಸುವುದೇ ಅಂಟಿನ ಪ್ರೈಮರಿನ ಕೆಲಸ. ಹಾಲಿಗೆ ಹೆಪ್ಪು ಹಾಕಿದಂತೆ ಎನ್ನಿ. ಆ ಅಂಟಿಗೆಂದೇ ಹೇಳಿದ ಪ್ರೈಮರನ್ನು ಮಾತ್ರ ಕೊಳ್ಳಬೇಕು.

ಕೆಲಸದ ಕ್ರಮ ಹೀಗೆ. ಮೊದಲನೆಯದು ಶುಚಿ. ಹಳೆಯ ಅಂಟನ್ನು ಥಿನ್ನರಿನಲ್ಲಿ ನೆನಸಿ, ಮರದ ಅಥವಾ ಪ್ಲಾಸ್ಟಿಕ್ ಚಕ್ಕೆಯಿಂದ ತೆಗೆಯಿರಿ. ಉಳಿ, ಅರ ಮುಟ್ಟಿಸಬೇಡಿ. ಒಂದು ಗೀರು ಬಿದ್ದರೆ ಗಾಳಿಗೆ ಅದೇ ಬಾಗಿಲು. ಎರಡು ಹೋಳುಗಳು ಒಟ್ಟಿಗೇ ಕೊರೆದ ಜೋಡಿ. ಬೇರೊಂದು ಎಂಜಿನ್ನಿನ ಹೋಳು ತಂದು ಕೂರಿಸಿದರೆ ಹೊಂದದು. ಕೊನೆಗೆ ಅಸಿಟೋನಿನಲ್ಲಿ ಒರೆಸಿ ಒಣಗಿಸಿ. ಎಣ್ಣೆಯ ಪಸೆ ಉಳಿದರೆ ಯಾವ ಅಂಟೂ ಹಿಡಿಯದು. ಥಿನ್ನರ್, ಅಸಿಟೋನ್ ಎರಡೂ ಬೆಂಕಿಗೆ ಬೇಗ ಹತ್ತುತ್ತವೆ. ಬಯಲಿನಲ್ಲಿ ಕೆಲಸ ಮಾಡಿ; ಬೀಡಿ ದೂರವಿರಲಿ.

ಎರಡನೆಯದಾಗಿ, ಒಂದು ಹೋಳಿಗೆ ಪ್ರೈಮರ್ ತೆಳ್ಳಗೆ ಹಚ್ಚಿ ಒಣಗಲು ಬಿಡಿ. ಮತ್ತೊಂದು ಹೋಳಿಗೆ ಅಂಟಿನ ಸಣ್ಣ ಎಳೆಯನ್ನು, ಬೋಲ್ಟಿನ ತೂತುಗಳ ಒಳಬದಿಯಲ್ಲಿ, ಕಡಿಯದಂತೆ ಎಳೆಯಿರಿ. ಬೇರಿಂಗ್ ಕೂರುವ ಜಾಗದಿಂದ ದೂರವಿರಲಿ. ಹೆಚ್ಚು ಹಚ್ಚಿದರೆ ಹೆಚ್ಚು ಭದ್ರ ಎಂದು ಕೆಲವರು ಬಳಿದುಬಿಡ್ತಾರೆ. ಅದು ತಪ್ಪು. ಹೆಚ್ಚಾದದ್ದು ಒಳಕ್ಕೆ ಹಿಂಡಿ ಬೇರಿಂಗಿಗೆ ಸೇರುತ್ತದೆ.

ಮೂರನೆಯದಾಗಿ, ಪ್ರೈಮರ್ ಹಚ್ಚಿದ ಮೇಲೆ ಸಮಯ ಬಹಳ ಇರುವುದಿಲ್ಲ. ಬೋಲ್ಟುಗಳನ್ನೂ ಪಾನೆಯನ್ನೂ ಮೊದಲೇ ಕೈಗೆಟುಕುವಂತೆ ಇಟ್ಟುಕೊಳ್ಳಿ. ನಡುವಿನಿಂದ ಆರಂಭಿಸಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಕೊಡಿ. ನಡುನಡುವೆ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿ. ಹಿಡಿದುಕೊಂಡರೆ ಆಗಲೇ ಬಿಚ್ಚಿ. ಎಂಜಿನ್ ಚಾಲೂ ಮಾಡುವ ಮೊದಲು ಲೇಬಲಿನಲ್ಲಿ ಹೇಳಿದಷ್ಟು ಹೊತ್ತು ಅಂಟು ಗಟ್ಟಿಯಾಗಲು ಬಿಡಿ.

ಉಳಿದ ಜಾಗಗಳಿಗೆ ಬೇರೆ ಬೇರೆ ನಿಯಮ. ಹೆಡ್ ಪ್ಯಾಕಿಂಗಿಗೆ ಕೈಪಿಡಿಯಲ್ಲಿ ಹೇಳದ ಹೊರತು ಏನೂ ಹಚ್ಚಬೇಡಿ. ಆಯಿಲ್ ಸೀಲಿನ ತುಟಿಗೆ ಗ್ರೀಸ್ ಬೇಕು, ಅಂಟು ತಾಗಬಾರದು. ಫ್ಲೈವೀಲ್ ಕೂರುವ ದಂಡ ಶುಚಿಯಾಗಿ ಒಣಗಿರಬೇಕು. ಹೊರಗಿನ ಸ್ಟೀಲ್ ಬೋಲ್ಟುಗಳನ್ನು ಒಣಗಾಗಿ ಹಾಕಿದರೆ ಉಪ್ಪುನೀರಿಗೆ ಅಲ್ಯೂಮಿನಿಯಮ್ಮಿನಲ್ಲಿ ಕಚ್ಚಿಕೊಂಡು, ಮುಂದಿನ ಬಾರಿ ಮುರಿದೇ ಬರುತ್ತವೆ. ಅವುಗಳ ಮರೆಗೆ ಉಪ್ಪುನೀರಿಗೆ ತಾಳುವ ಗ್ರೀಸ್ ಸವರಿ.

ಬಣ್ಣದ ಪ್ರೈಮರ್ ಹೊರಮೈಗೆ ಮಾತ್ರ. ಬಿಳಿ ಪುಡಿ ಎದ್ದಿರುವಲ್ಲಿ ಸಿಹಿನೀರಿನಿಂದ ತೊಳೆದು, ಉಜ್ಜಿ, ಒಣಗಿಸಿ, ಅಲ್ಯೂಮಿನಿಯಮ್ಮಿಗೆಂದು ಮಾಡಿದ ಎಪಾಕ್ಸಿ ಪ್ರೈಮರ್ ಬಳಿಯಿರಿ. ತಾಮ್ರ ಬೆರೆತ ದೋಣಿಬಣ್ಣ ಬೇಡ. ಉಪ್ಪುನೀರಿನಲ್ಲಿ ತಾಮ್ರವು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹಿಂದಿನ ಹಳದಿ ಜಿಂಕ್ ಕ್ರೋಮೇಟ್ ಪ್ರೈಮರಿನ ಧೂಳು ಕ್ಯಾನ್ಸರ್ ತರುವಂಥದು. ಹಳೆಯ ಬಣ್ಣವನ್ನು ಮೂಗಿಗೆ ಮಾಸ್ಕ್ ಹಾಕಿ, ನೀರು ಬಿಟ್ಟುಕೊಂಡೇ ಉಜ್ಜಿ. ಇನ್ನೊಂದು ಮಾತು: ನೀರಿನಲ್ಲಿ ಮುಳುಗುವ ಭಾಗದಲ್ಲಿರುವ ಸತುವಿನ ತುಂಡಿಗೆ ಬಣ್ಣ ಬಳಿಯಬಾರದು. ಅದು ತಾನು ಸವೆದು ಎಂಜಿನ್ನನ್ನು ಉಳಿಸಲೆಂದೇ ಇರುವುದು.

ಜೋಡಣೆ ಮುಗಿದ ಮೇಲೆ ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ ಓಡಿಸಿ ನೋಡಿ. ನೀರಿಲ್ಲದೆ ಓಡಿಸಬೇಡಿ. ಹಿಡಿ ತಗ್ಗಿಸಿದರೂ ಎಂಜಿನ್ ತಾನಾಗಿ ಜೋರಾಗಿ ಓಡಿದರೆ ಎಲ್ಲೋ ಗಾಳಿ ನುಗ್ಗುತ್ತಿರಬಹುದು. ಕೆಲವು ದಿನ ಓಡಿಸಿದ ಮೇಲೆ ಗೇರಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿಯಿರಿ. ಇಂಥ ದೋಷ ದಡದಲ್ಲಿ ಕಂಡರೆ ಒಂದು ದಿನದ ಕೆಲಸ. ಅಳಿವೆಯಲ್ಲಿ ಕಂಡರೆ ಮನೆಯವರ ಕಣ್ಣೀರು.

ಶುಚಿಯಾದ ಮೈ, ತೆಳುವಾದ ಅಂಟು, ಜಾಗಕ್ಕೆ ತಕ್ಕ ವಸ್ತು. ಈ ಮೂರನ್ನು ನೆನಪಿನಲ್ಲಿಡಿ. ನಿಮ್ಮ ದೋಣಿ ಸುಖವಾಗಿ ಹೋಗಿ ಸುಖವಾಗಿ ದಡ ಸೇರಲಿ.