ಬೀಗತನದ ಹೊಣೆ



ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಒಂದು ಕಾಲಕ್ಕೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ನಾವು ಆಂಧ್ರಪ್ರದೇಶಕ್ಕೆ ಸೇರಿದೆವು, 2014ರಿಂದ ತೆಲಂಗಾಣದವರಾದೆವು. ಆಡಳಿತದ ಗಡಿ ಬದಲಾದರೂ ಬೀಗತನ ಕಡಿದುಹೋಗಲಿಲ್ಲ. ಬೀದರ, ಹುಮನಾಬಾದ, ಚಿಂಚೋಳಿ, ಸೇಡಂ ಕಡೆಯ ಹೆಣ್ಣುಮಕ್ಕಳು ಇಂದಿಗೂ ನಮ್ಮ ಮನೆಗಳಿಗೆ ಸೊಸೆಯರಾಗಿ ಬರುತ್ತಾರೆ. ನಮ್ಮ ಹೆಣ್ಣುಮಕ್ಕಳು ಅತ್ತ ಹೋಗುತ್ತಾರೆ. ಶಾಲೆಯ ಮೆಟ್ಟಿಲೇರುವ ಮೊದಲೇ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಈ ತಾಯಂದಿರಿಂದ. ಆದಕಾರಣ ದಾಂಪತ್ಯದ ಯೋಗಕ್ಷೇಮವು ಈ ಸಭೆಗೆ ಹೊರಗಿನ ವಿಷಯವಲ್ಲವೆಂದು ಭಾವಿಸಿದ್ದೇವೆ.

ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಬಂಧುತ್ವದ ಅಧ್ಯಯನದಲ್ಲಿ, ಉತ್ತರದ ಸೊಸೆ ಅಪರಿಚಿತರ ಮನೆ ಸೇರುತ್ತಾಳೆ, ದಕ್ಷಿಣದವಳು ಬಹುಮಟ್ಟಿಗೆ ಬಂಧುಗಳ ನಡುವೆಯೇ ಉಳಿಯುತ್ತಾಳೆ ಎಂಬ ಭೇದವನ್ನು ತೋರಿಸಿದರು. ಸೋದರಿಕೆಯ ಮದುವೆಗಳಲ್ಲಿ ಮನಸ್ತಾಪ ಬಂದರೆ ವಿಚಾರಿಸುವ ಹಿರಿಯರು ಎರಡೂ ಕಡೆಗೆ ಸೇರಿದವರೇ ಆಗಿರುತ್ತಿದ್ದರು. ಅದೇ ಹಿರಿಯರು ಮನೆತನದ ಮರ್ಯಾದೆಗಂಜಿ ಸೊಸೆಯ ಕಣ್ಣೀರನ್ನು ಮುಚ್ಚಿಟ್ಟದ್ದೂ ಉಂಟು. ಹತ್ತಿರದ ರಕ್ತಸಂಬಂಧದಿಂದ ಮಕ್ಕಳಿಗೆ ಅನುವಂಶಿಕ ಕಾಯಿಲೆಗಳ ಸಂಭವ ಹೆಚ್ಚುವುದರಿಂದ ಆ ರೂಢಿ ಸಡಿಲಗೊಳ್ಳುತ್ತಿರುವುದು ಸರಿಯೇ. ಆದರೆ ವಿಚಾರಿಸುವ ಹಿರಿಯರ ಸ್ಥಾನ ಬರಿದಾಗಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ದಾಖಲಿಸಿ ಪರಿಶೀಲಿಸಿದರು. ಜಗಳಕ್ಕಿಂತ ತಾತ್ಸಾರವೇ ಸಂಬಂಧವನ್ನು ಹೆಚ್ಚು ಕೆಡಿಸುತ್ತದೆ ಎಂಬುದು ಅವರ ಮುಖ್ಯ ನಿಷ್ಕರ್ಷೆ. ಸೊಸೆಯ ತವರಿನ ಮಾತನ್ನು ಅಣಕಿಸುವುದು, ತೆಲುಗು ಅರ್ಜಿ ಓದಲು ಬಾರದೆಂದು ಹೀಯಾಳಿಸುವುದು, ಅವಳ ಅಪ್ಪ ಕೊಟ್ಟದ್ದನ್ನು ಎಣಿಸುವುದು: ಗಡಿನಾಡಿನಲ್ಲಿ ತಾತ್ಸಾರವು ಧರಿಸುವ ವೇಷಗಳಿವು. ತಾಯಿಯ ಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ಮಗು ಆ ಮಾತನ್ನು ಪ್ರೀತಿಸುವುದೆಂತು?

ಸಮುದಾಯಗಳು ಕೈಕಟ್ಟಿ ಕುಳಿತಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿರುವ ಸಾಮೂಹಿಕ ವಿವಾಹಗಳು ಅನೇಕ ಕುಟುಂಬಗಳನ್ನು ಮದುವೆಯ ಸಾಲದಿಂದ ಪಾರುಮಾಡಿವೆ. ತೆಲಂಗಾಣ ಸರ್ಕಾರದ ಕಲ್ಯಾಣಲಕ್ಷ್ಮಿ ಯೋಜನೆ 2014ರಲ್ಲಿ ಆರಂಭವಾಯಿತು. ವಧುವಿಗೆ 18 ತುಂಬಿರಬೇಕೆಂಬ ನಿಯಮ ಅದಕ್ಕಿದೆ. ಇವೆಲ್ಲ ಮದುವೆಯ ದಿನಕ್ಕೆ ಒದಗುವ ನೆರವು. ಮರುದಿನದಿಂದಾಚೆಗೆ ದಾರಿ ತೋರುವವರು ನಮ್ಮ ಮಗ್ಗುಲಲ್ಲೇ ಇದ್ದಾರೆ. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಬಡ ರೈತ ಮಹಿಳೆಯರು ಒಟ್ಟಾಗಿ ಕುಳಿತು ಬೀಜ, ಸಿರಿಧಾನ್ಯ, ಭೂಮಿಯ ವಿಚಾರ ನಿರ್ಣಯಿಸುತ್ತ ಬಂದಿದ್ದಾರೆ. 2008ರಿಂದ ಮಾಚನೂರಿನಲ್ಲಿ ತಮ್ಮದೇ ಬಾನುಲಿ ನಡೆಸಿದ್ದಾರೆ. ಅವರ ಕೆಲಸ ಬೇಸಾಯದ್ದಾದರೂ ಪಾಠ ನಮಗೂ ಸಲ್ಲುತ್ತದೆ. ಹೆಣ್ಣಿಗೆ ಕುಳಿತು ಮಾತಾಡಲು ಒಂದು ಜಾಗ, ಕೇಳಲು ನಾಲ್ಕು ಜನ ಇದ್ದರೆ ಮನೆಯಲ್ಲೂ ಅವಳ ಮಾತಿಗೆ ತೂಕ ಬರುತ್ತದೆ.

ಈ ಶತಮಾನೋತ್ಸವದ ನೆನಪಿಗೆ ಮೂರು ಕಾರ್ಯಗಳನ್ನು ಸೂಚಿಸುತ್ತೇವೆ. ಪಾಲಕರ ಸಭೆಗೆ ತಾಯಂದಿರನ್ನೂ ಕರೆದು, ಅವರ ಮಾತಿಗೆ ಸಮಯ ಕೊಡೋಣ. ಹೊಸದಾಗಿ ಬಂದ ಸೊಸೆಯರಿಗೆ ಶಾಲೆಯಲ್ಲೇ ಸಂಜೆಯ ತೆಲುಗು ತರಗತಿ ನಡೆಸೋಣ. ಗಂಡಂದಿರೂ ಜೊತೆಗೆ ಬಂದು ಕನ್ನಡ ಓದಲಿ. ಮನಸ್ತಾಪವಾದಾಗ ಇಬ್ಬರ ಮಾತನ್ನೂ ಆಲಿಸುವ ಹಿರಿಯರ ಬಳಗವೊಂದನ್ನು ಹಳೆಯ ವಿದ್ಯಾರ್ಥಿಗಳು ಕಟ್ಟಲಿ. ಅದರಲ್ಲಿ ಅರ್ಧದಷ್ಟು ಮಹಿಳೆಯರಿರಲಿ. ಹೊಡೆತ ಬಡಿತಗಳಿದ್ದಲ್ಲಿ ಮಾತ್ರ ರಾಜಿಯ ಮಾತು ಬೇಡ. 181 ಸಹಾಯವಾಣಿ ಮತ್ತು ಸಖಿ ಕೇಂದ್ರದ ದಾರಿ ತೋರಿಸಿ, ಅವಳ ಜೊತೆಗೆ ನಡೆಯೋಣ.

ಮದುವೆಯ ಊಟಕ್ಕೆ ಊರೆಲ್ಲ ಸೇರುತ್ತೇವೆ. ಆ ಮನೆಯ ಮುಂದಿನ ಬಾಳುವೆಗೂ ಅದೇ ಊರು ಹೊಣೆಯೆಂದು ಒಪ್ಪಿಕೊಳ್ಳೋಣ.